ಬಿಳಿ ಮೊಲಕ್ಕೆ ನೆರಳು

ಭೀಮಾ ನದಿಯ ಸೇತುವೆ ಬರುವವರೆಗೆ ಬುಟ್ಟಿಯೊಳಗೆ ಕೈ ಹಾಕಕೂಡದು ಎಂದು ಶೇಖಮ್ಮ ತನಗೆ ತಾನೇ ಕಟ್ಟು ಹಾಕಿಕೊಂಡಿದ್ದಳು. ಶಹಾಪುರದಲ್ಲಿ ಬಸ್ಸು ಹತ್ತಿದಾಗಿನಿಂದ ಅವಳು ಮತ್ತೆ ಮತ್ತೆ ಒದ್ದೆ ಬಟ್ಟೆ ಸರಿಸಿ ಬುಟ್ಟಿಯೊಳಗೆ ಇಣುಕುತ್ತಿದ್ದುದನ್ನು ಪಕ್ಕದಲ್ಲಿ ಕೂತ ಹೆಂಗಸು ಗಮನಿಸುತ್ತಿದ್ದಳು. ಆ ಹೆಂಗಸು ಮೊದಲು ಬುಟ್ಟಿಯೊಳಗಿನ ಮೊಲವನ್ನು ನೋಡಿದಳು, ಆಮೇಲೆ ಶೇಖಮ್ಮನ ಮುಖ ನೋಡಿದಳು, ಮತ್ತೆ ಮೊಲದ ಕಡೆಗೆ ತಿರುಗಿದಳು. ಈ ನೋಟದ ಹಾದಿ ಶೇಖಮ್ಮನಿಗೆ ಹೊಸದಲ್ಲ. ಮೊಲ ಮನೆಗೆ ಬಂದಾಗಿನಿಂದ ಎಲ್ಲರೂ ಹೀಗೆಯೇ ನೋಡುತ್ತಾರೆ, ಎರಡನ್ನೂ ತೂಗುವವರ ಹಾಗೆ. ಮೊಲ ಅಚ್ಚ ಬಿಳಿ, ಕಣ್ಣು ದಾಳಿಂಬೆ ಕಾಳಿನಂತೆ ಕೆಂಪು. ಶೇಖಮ್ಮನ ಕೂದಲು ಹುಟ್ಟಿದಾಗಿನಿಂದಲೂ ಮೆಕ್ಕೆಜೋಳದ ಎಳೆಯಂತೆ ಬಿಳಿ, ಹುಬ್ಬು ಬಿಳಿ, ಬಿಸಿಲಿಗೆ ಸುಟ್ಟು ಸುಟ್ಟು ಮೂಗು ಕೆಂಪು. ಕಣ್ಣಾಲಿಗಳು ಒಂದೆಡೆ ನಿಲ್ಲದೆ ಸಣ್ಣಗೆ ಅದುರುತ್ತಿರುತ್ತವೆ. ಮುದನಾಳದ ಕುರುಬರ ಓಣಿಯಲ್ಲಿ, ಕಪ್ಪು ಕಂಬಳಿಗಳ ನಡುವೆ, ಕಪ್ಪು ತಂದೆತಾಯಿಗೆ ಹುಟ್ಟಿದ ಅವಳನ್ನು ಊರು ಫಿರಂಗಿ, ಬಿಳಿ ದೊರೆಸಾನಿ, ಎಂದು ಕರೆದಿತ್ತು. ಹೆಂಗಸು ಕೊನೆಗೆ ಕೇಳಿಯೇ ಬಿಟ್ಟಳು, ಎರಡೂ ಒಂದೇ ಊರಿನವೇನು ಎಂದು. ಶೇಖಮ್ಮ ಹೌದೆಂದಳು. ಹಾಗೆ ಹೇಳಿದರೆ ಜನ ಮುಂದೆ ಕೇಳುವುದಿಲ್ಲ ಎನ್ನುವುದನ್ನು ಅವಳು ಎಂದೋ ಕಲಿತಿದ್ದಳು.

ಮೊಲ ಅವಳದಲ್ಲ. ಅವಳು ಟೈಪ್ ಮಾಡುವ ಕಾಲುವೆ ಕಚೇರಿಯ ಕ್ಯಾಂಪಿನಲ್ಲಿ ಹಿಂದೆ ಇದ್ದ ಇಂಜಿನಿಯರರ ಮಕ್ಕಳದು. ಅವರಿಗೆ ವರ್ಗವಾಗಿ, ಲಾರಿಗೆ ಸಾಮಾನು ಏರಿಸುವ ಹೊತ್ತಿಗೆ ಮೊಲದ ಪಂಜರ ಮಾತ್ರ ವರಾಂಡದಲ್ಲಿ ಉಳಿದಿತ್ತು. ಕಚೇರಿಯವರೆಲ್ಲ ಸುತ್ತ ನಿಂತು ಅದನ್ನು ಯಾರು ಒಯ್ಯಬೇಕು ಎಂದು ನಗಾಡುತ್ತಿದ್ದಾಗ ನಕ್ಷೆ ಬರೆಯುವ ಮನ್ಸೂರಅಲಿ, ‘ಟೈಪಿಸ್ಟ್ ಬಾಯಿಯವರಿಗೆ ಕೊಡ್ರಿ, ಅವರ ಖಾನದಾನದ್ದೇ ಅದ’ ಎಂದಿದ್ದ. ಕೆಟ್ಟ ಮನುಷ್ಯನಲ್ಲ ಅವನು. ಮಾತು ಬಾಯಿಂದ ಬಿದ್ದ ಮೇಲೆ ಅವನ ಮುಖವೇ ಮೊದಲು ಸಣ್ಣದಾಯಿತು. ಆದರೆ ನಗು ಆಗಲೇ ಎದ್ದಿತ್ತು. ಇಂಥ ನಗು ಎದ್ದಾಗ ತಾನೂ ಸ್ವಲ್ಪ ನಕ್ಕು ಮುಗಿಸಿಬಿಡುವುದು ಶೇಖಮ್ಮನ ರೂಢಿ. ಅವತ್ತೂ ತುಟಿ ಆ ಕಡೆಗೇ ಹೊರಟಿತ್ತು. ಅಷ್ಟರಲ್ಲಿ ಅವಳಿಗೆ ಕಂಡದ್ದು, ಪಂಜರದ ಅರ್ಧದಷ್ಟು ಬಿಸಿಲು ಬಿದ್ದಿದೆ, ಮೊಲ ಉಳಿದರ್ಧದ ಮೂಲೆಗೆ ಮೈ ಒತ್ತಿಕೊಂಡು ಕಣ್ಣು ಅರೆಮುಚ್ಚಿದೆ. ಬಿಸಿಲು ಸರಿಯುತ್ತ ಬರುತ್ತಿದೆ, ಅದಕ್ಕೆ ಸರಿಯಲು ಜಾಗವಿಲ್ಲ. ಅಷ್ಟು ಮಂದಿ ಸುತ್ತ ನಿಂತಿದ್ದರೂ ಒಬ್ಬರಿಗೂ ಅದು ಕಂಡಿರಲಿಲ್ಲ. ಅವಳು ಪಂಜರ ಎತ್ತಿಕೊಂಡು ತನ್ನ ಕ್ವಾರ್ಟರ್ಸಿಗೆ ನಡೆದಳು. ಬೆನ್ನ ಹಿಂದೆ ನಗು ನಿಂತಿತೋ ಹೆಚ್ಚಾಯಿತೋ ಅವಳು ಕೇಳಿಸಿಕೊಳ್ಳಲಿಲ್ಲ.

ಮೊದಮೊದಲು ಅದನ್ನು ಮುಟ್ಟಲು ಅವಳಿಗೆ ಮನಸ್ಸಿರಲಿಲ್ಲ. ಪ್ರೀತಿ ಮಾಡಿದರೆ ಮನ್ಸೂರಅಲಿಯ ಮಾತು ನಿಜವಾಗುತ್ತದೆ, ದೂರವಿಟ್ಟರೆ ಊರಿನವರು ತನಗೆ ಮಾಡಿದ್ದನ್ನೇ ತಾನೂ ಮಾಡಿದಂತಾಗುತ್ತದೆ. ಈ ಇಕ್ಕಟ್ಟಿನಲ್ಲಿ ಅವಳು ಪ್ರೀತಿಯ ಲೆಕ್ಕಕ್ಕೆ ಬಾರದಂಥ ಕೆಲಸಗಳನ್ನೆಲ್ಲ ಮಾಡಿದಳು. ಉತ್ತರದ ಕಿಟಕಿಯ ಕೋಣೆ ಖಾಲಿ ಮಾಡಿ, ಕಿಟಕಿಗೆ ಗೋಣಿತಟ್ಟು ಕಟ್ಟಿ, ಅದಕ್ಕೆ ಹೊತ್ತು ಹೊತ್ತಿಗೆ ನೀರು ಚಿಮುಕಿಸಿದಳು. ಒಡೆದ ಮಣ್ಣಿನ ಹರವಿಯನ್ನು ಅಡ್ಡ ಮಲಗಿಸಿ ಅದರೊಳಗೆ ಹೋಗಿ ಮಲಗಲು ತಂಪು ಜಾಗ ಮಾಡಿಕೊಟ್ಟಳು. ಎಲೆಕೋಸು ಜಾಸ್ತಿ ಕೊಟ್ಟ ದಿನ ಅದರ ಹೊಟ್ಟೆ ಉಬ್ಬಿತು. ಅದು ಹಲ್ಲು ಕಡಿಯುತ್ತ ಕೂತಾಗ ರಾತ್ರಿಯಿಡೀ ಮೈ ನೀವಿದಳು, ಅಲ್ಲಿಂದ ಮುಂದೆ ಕಾಲುವೆ ದಂಡೆಯ ಹುಲ್ಲನ್ನೇ ಕೊಯ್ದು ತಂದಳು. ಸಂಜೆ ಬಿಸಿಲು ಪೂರ್ತಿ ಇಳಿದ ಮೇಲೆ, ತಾನು ತಲೆಯ ಮೇಲಿನ ಸೆರಗು ತೆಗೆಯುವ ಹೊತ್ತಿಗೆ, ಅದನ್ನೂ ಅಂಗಳಕ್ಕೆ ಬಿಡುತ್ತಿದ್ದಳು. ಬಾಲ್ಯದಲ್ಲಿ ಅವ್ವ ಅವಳನ್ನು ಹಾಗೆಯೇ ಬಿಡುತ್ತಿದ್ದುದು. ಹೊತ್ತು ಮುಳುಗಿದ ಮೇಲೆ. ಅಪ್ಪನ ಕುರಿಗಳು ಧೂಳೆಬ್ಬಿಸಿಕೊಂಡು ಹಟ್ಟಿಗೆ ಮರಳುವಾಗ ಇವಳು ಹೊರಗೆ ಬರುವಳು. ಹಗಲು ಎನ್ನುವುದು ಉಳಿದ ಮಕ್ಕಳ ಆಸ್ತಿ ಎಂದು ಅವಳು ಬಹಳ ಕಾಲ ನಂಬಿದ್ದಳು. ಅವ್ವನಿಗೆ ಗೊತ್ತಿತ್ತು ಬಿಸಿಲು ಇವಳನ್ನು ಸುಡುತ್ತದೆಂದು. ಆದರೆ ಬೀಗರು ಬಂಧುಗಳು ಬಂದಾಗ ಮೋಡ ಮುಚ್ಚಿದ್ದರೂ ಅವಳನ್ನು ಒಳಗೇ ಕೂರಿಸುತ್ತಿದ್ದಳು. ಎಲ್ಲಿಯವರೆಗೆ ಬಿಸಿಲಿಗಾಗಿ, ಎಲ್ಲಿಂದ ನಾಚಿಕೆಗಾಗಿ ಎನ್ನುವ ಗೆರೆ ಅವಳಿಗೆ ಯಾವತ್ತೂ ಸಿಗಲಿಲ್ಲ.

ಸೇತುವೆ ಬಂತು. ಕೆಳಗೆ ಭೀಮೆ ಬೇಸಿಗೆಗೆ ಬತ್ತಿ ಬಂಡೆಗಳ ನಡುವೆ ಅಲ್ಲಲ್ಲಿ ಹೊಳೆಯುತ್ತಿದ್ದಳು. ಆ ಹೊಳಪು ಕಣ್ಣಿಗೆ ಚುಚ್ಚಿ ಶೇಖಮ್ಮ ಮುಖ ತಿರುಗಿಸಿ ಬುಟ್ಟಿಯೊಳಗೆ ಕೈಯಿಟ್ಟಳು. ಮೊಲದ ಪಕ್ಕೆ ಬೇಗ ಬೇಗ ಏರಿಳಿಯುತ್ತಿತ್ತು, ಆದರೆ ಕಿವಿ ಇನ್ನೂ ತಣ್ಣಗಿತ್ತು. ಇದನ್ನು ಬಿಟ್ಟು ಬರಲು ಸಾಧ್ಯವಿದ್ದರೆ ಬಿಟ್ಟೇ ಬರುತ್ತಿದ್ದಳು. ಕ್ಯಾಂಪಿನಲ್ಲಿ ದಿನವಿಡೀ ಕರೆಂಟಿಲ್ಲ, ಗೋಣಿತಟ್ಟಿಗೆ ನೀರು ಹಾಕುವವರಿಲ್ಲ. ತಮ್ಮ ಅಮೋಘಸಿದ್ದ ಹಿಂದಿನ ವಾರ ಕಚೇರಿಗೇ ಬಂದು ಕರೆದಿದ್ದ. ಮಗಳು ಹಣಮಮ್ಮಳನ್ನು ನೋಡಲು ಸುರಪುರದಿಂದ ಬರುತ್ತಾರೆ, ಹುಡುಗ ಬಸ್ ಕಂಡಕ್ಟರ್, ಹುಡುಗಿಗೂ ಮನಸ್ಸಿದೆ, ಅಕ್ಕ ಬರಲೇಬೇಕು ಎಂದ. ಚಹಾ ಕುಡಿದ. ಎದ್ದು ಬಾಗಿಲವರೆಗೆ ಹೋಗಿ ಮರಳಿ ಬಂದು, ನೆಲ ನೋಡುತ್ತ, ಅವರು ಹೋಗೂತನಕ ಹಿಂದಿನ ಕೋಣೆಯಲ್ಲಿ ಇದ್ದರೆ ಚಲೋ ಎಂದ. ಅವಳು ಆಗಲಿ ಎಂದಳು. ಅವನು ಹೇಳದಿದ್ದರೂ ಅಲ್ಲಿಯೇ ಇರುತ್ತಿದ್ದಳು. ಅವನು ಹೇಳಿದ್ದಕ್ಕೆ ನೋವಾಗಲಿಲ್ಲ, ಹೇಳುವಾಗ ಅವನಿಗೇ ಕಷ್ಟವಾದದ್ದು ನೋಡಿ, ಅವನನ್ನು ಸಮಾಧಾನ ಮಾಡುವ ಕೆಲಸವೂ ತನ್ನ ಮೇಲೇ ಬಿತ್ತಲ್ಲ ಎಂದು ಬೇಸರವಾಯಿತು.

ಮುದನಾಳದ ತಮ್ಮನ ಮನೆಯ ಹಿಂದಿನ ಕೋಣೆ ಎಂದರೆ ಕುರಿಮರಿ ಕಟ್ಟುವ, ಹೊಟ್ಟು ತುಂಬಿಡುವ ತಗಡಿನ ಕೋಣೆ. ಶಹಾಪುರದ ಕಡೆ ಕಾಲುವೆ ನೀರು ಬಂದು ಹೊಲಗಳೆಲ್ಲ ಭತ್ತವಾದ ಮೇಲೆ ಅಮೋಘಸಿದ್ದನಿಗೆ ಬೇಸಿಗೆಯಲ್ಲಿ ಕುರಿ ಒಯ್ಯುತ್ತಿದ್ದ ಬಯಲೇ ಇಲ್ಲದಾಗಿತ್ತು. ಅರ್ಧ ಹಿಂಡು ಮಾರಿ ಮುಂದಿನ ಮನೆಗೆ ಕಲ್ಲಿನ ಗೋಡೆ, ಫರಸಿ ಕಲ್ಲು ಹಾಸಿದ ಪಡಸಾಲೆ ಕಟ್ಟಿಸಿದ್ದ. ಹಿಂದಿನದು ಹಾಗೆಯೇ ಉಳಿದಿತ್ತು. ಸೋದರ ಸೊಸೆ ಹಣಮಮ್ಮ ಹಸಿರು ರೇಷ್ಮೆ ಸೀರೆಯಲ್ಲಿ ಬಂದು ಅತ್ತೆಯ ಕಾಲು ಮುಟ್ಟಿದಳು, ಬುಟ್ಟಿಯೊಳಗೆ ಬಗ್ಗಿ ನೋಡಿ ನಕ್ಕಳು. ಅವಳ ಮೈಯಿಂದ ಮಲ್ಲಿಗೆಯ ವಾಸನೆ ಬರುತ್ತಿತ್ತು. ಆ ಹುಡುಗನನ್ನು ಬಸ್ಸಿನಲ್ಲಿ ಎಷ್ಟೋ ಸಲ ನೋಡಿದ್ದೇನೆಂದೂ, ಚಿಲ್ಲರೆ ಕೊಡುವಾಗ ಅವನ ಕೈ ನಡುಗುತ್ತದೆಂದೂ ಅತ್ತೆಯ ಕಿವಿಯಲ್ಲಿ ಹೇಳಿ ಓಡಿದಳು. ಶೇಖಮ್ಮ ಹೊಟ್ಟಿನ ಚೀಲದ ಮೇಲೆ ಕೂತಳು. ಸುರಪುರದವರು ಬಂದ ಸದ್ದು, ಕಾಲಿಗೆ ನೀರು ಕೊಟ್ಟ ಸದ್ದು, ಗಂಡಿನ ತಾಯಿಯ ದೊಡ್ಡ ದನಿ, ಎಲ್ಲ ಗೋಡೆಯಾಚೆಯಿಂದ ಬಂದವು. ತಂಗಿಯ ಮದುವೆಯಲ್ಲಿ, ತಮ್ಮನ ಮದುವೆಯಲ್ಲಿ ಹೀಗೆಯೇ ಗೋಡೆಯಾಚೆಯಿಂದ ವಾಲಗ ಕೇಳಿದ್ದಳು. ತಮ್ಮನ ಹೆಂಡತಿಯ ಮುಖವನ್ನು ಮೊದಲು ನೋಡಿದ್ದು ಮದುವೆಯ ಮೂರನೆಯ ದಿನ, ಹೊತ್ತು ಮುಳುಗಿದ ಮೇಲೆ. ಅದರಲ್ಲಿ ದುಃಖ ಪಡುವಂಥದ್ದೇನೂ ಇಲ್ಲ ಎಂದು ಅವಳು ಆಗ ಅಂದುಕೊಂಡಿದ್ದಳು.

ತಗಡು ಕಾಯತೊಡಗಿತು. ಶೇಖಮ್ಮ ಜೊತೆಗೆ ತಂದಿದ್ದ ನೀರನ್ನೆಲ್ಲ ಬಟ್ಟೆಗೆ ಹಾಕಿ ಮುಗಿಸಿದಳು. ಬಟ್ಟೆ ಒಣಗಿ ಕಾಗದದಂತಾಯಿತು. ಮೊಲ ಬುಟ್ಟಿಯ ತಳದಲ್ಲಿ ಉದ್ದಕ್ಕೆ ಚಾಚಿ ಮಲಗಿತು. ಮೊಲ ಬಾಯಿ ತೆರೆದು ಉಸಿರಾಡುವುದನ್ನು ಅವಳು ಎಂದೂ ನೋಡಿರಲಿಲ್ಲ, ಈಗ ಅದು ಬಾಯಿ ತೆರೆದಿತ್ತು. ಮೂಗಿನ ಸುತ್ತ ತೇವವಾಗಿತ್ತು, ಕಿವಿಯ ಒಳಗಿನ ನರಗಳು ಉಬ್ಬಿ ಕೆಂಪಾಗಿ, ಮುಟ್ಟಿದರೆ ಒಲೆಯ ಮೇಲಿನ ತವೆಯಂತೆ ಬಿಸಿ. ನೀರಿನ ಹರವಿ ಇದ್ದದ್ದು ಪಡಸಾಲೆಯ ಮೂಲೆಯಲ್ಲಿ. ತಣ್ಣನೆಯ ನೆಲ ಇದ್ದದ್ದೂ ಅಲ್ಲಿಯೇ. ಹಿತ್ತಲ ಬಾಗಿಲಿನಿಂದ ತಮ್ಮನ ಹೆಂಡತಿಯನ್ನು ಕೂಗಬಹುದಿತ್ತು. ಕೂಗಿದಳು ಕೂಡ, ಆದರೆ ದನಿ ಹೊರಗೆ ಕೇಳಿಸಬಾರದೆಂದು ಸಣ್ಣಗೆ ಕೂಗಿದಳು, ಹಾಗಾಗಿ ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಕೂಗಲು ಬಾಯಿ ತೆರೆದವಳಿಗೆ ತನ್ನ ಮೇಲೆ ಸಿಟ್ಟು ಬಂತು. ಕೈಯಲ್ಲಿ ಒಂದು ಜೀವ ಬೇಯುತ್ತಿರುವಾಗಲೂ ದನಿ ತಗ್ಗಿಸಿಕೊಳ್ಳುವ ಈ ಗಂಟಲು ಎಂಥದು! ಅವಳು ಮೊಲವನ್ನು ಎದೆಗೊತ್ತಿಕೊಂಡು, ಸೆರಗು ತಲೆಯಿಂದ ಜಾರಿದ್ದನ್ನು ಸರಿಪಡಿಸಿಕೊಳ್ಳಲು ಒಂದು ಕ್ಷಣ ನಿಂತು, ಸರಿಪಡಿಸಿಕೊಳ್ಳದೆಯೇ ನಡುಬಾಗಿಲು ದಾಟಿ ಪಡಸಾಲೆಗೆ ಬಂದಳು.

ಇಷ್ಟು ಮಂದಿಯ ನಡುವೆ ಯಾರು ಎಲ್ಲಿ ಕೂತಿದ್ದಾರೆಂದು ಅವಳ ಕಣ್ಣಿಗೆ ಸರಿಯಾಗಿ ಕಾಣಲಿಲ್ಲ, ಬಣ್ಣಗಳು ಮಾತ್ರ ಕಂಡವು. ಅದರಲ್ಲಿ ಒಂದು ಹಸಿರು ಬಣ್ಣ ಎದ್ದು ನಿಂತಿತು. ಅವಳು ಹರವಿಯ ಹತ್ತಿರ ಫರಸಿಯ ಮೇಲೆ ಕೂತು, ಮೊಲವನ್ನು ಕಲ್ಲಿನ ಮೇಲೆ ಮಲಗಿಸಿ, ತಂಬಿಗೆಯಿಂದ ನೀರು ತೆಗೆದು ಮೊದಲು ಕಿವಿಗಳಿಗೆ, ಆಮೇಲೆ ಪಾದಗಳಿಗೆ ಸ್ವಲ್ಪ ಸ್ವಲ್ಪವಾಗಿ ಹಚ್ಚಿದಳು. ಒಮ್ಮೆಲೆ ಸುರಿಯಬಾರದು, ಎದೆ ನಿಂತುಬಿಡುತ್ತದೆ. ಕೈಗೆ ಕೆಲಸ ಗೊತ್ತಿತ್ತು. ಯಾರೋ ಕೂತಲ್ಲಿಂದ ಜರುಗಿ ಜಾಗ ಬಿಟ್ಟರು. ಗಂಡಿನ ತಾಯಿ ಮರಿಲಿಂಗಮ್ಮನೇ ಮೊದಲು ಮಾತಾಡಿದವಳು.

‘ಈಕಿ ಯಾರ್ರಿ?’

ಕೇಳಿದ್ದು ಅಮೋಘಸಿದ್ದನನ್ನು. ಅವನು ಗಂಟಲು ಸರಿಪಡಿಸಿಕೊಂಡ ಸದ್ದು ಮಾತ್ರ ಬಂತು. ಆ ಸದ್ದಿನ ಒಳಗೆ ತನ್ನ ಹೆಸರು ಇರಬಹುದೇನೋ ಎಂದು ಶೇಖಮ್ಮ ಸ್ವಲ್ಪ ಕಾದಳು.

‘ಹುಡುಗಿ ಸೋದರತ್ತಿರಿ,’ ಎಂದಳು. ‘ಅಮೋಘಸಿದ್ದಗಿಂತ ಮೊದಲ ಹುಟ್ಟಿದಾಕಿ. ಕಾಲುವಿ ಆಫೀಸಿನ್ಯಾಗ ಟೈಪ್ ಮಾಡ್ತೀನಿ.’

ಮರಿಲಿಂಗಮ್ಮ ಕೆಟ್ಟ ದನಿಯಲ್ಲಿ ಕೇಳಲಿಲ್ಲ. ಸಂತೆಯಲ್ಲಿ ಆಡಿನ ಹಲ್ಲು ನೋಡುವವಳ ಹಾಗೆ ನೇರವಾಗಿ ಕೇಳಿದಳು. ‘ನಮಗ ಇದು ಗೊತ್ತಿರಲಿಲ್ಲ. ನಾಳಿ ನಮ್ಮ ಮನ್ಯಾಗ ಹಿಂಥಾ ಕೂಸು ಹುಟ್ಟಿದ್ರ ಏನ್ ಮಾಡೂದು?’

ಶೇಖಮ್ಮ ಮೊಲದ ಬಾಯನ್ನು ನೋಡುತ್ತಿದ್ದಳು. ಅದು ಈಗ ಮುಚ್ಚುತ್ತ ಬರುತ್ತಿತ್ತು. ಪ್ರಶ್ನೆ ಅವಳಿಗೆ ಬೈಗುಳದಂತೆ ಕೇಳಿಸಲೇ ಇಲ್ಲ, ಸಾಕುವುದರ ಬಗ್ಗೆ ಯಾರೋ ವಿಚಾರಿಸಿದಂತೆ ಕೇಳಿಸಿತು.

‘ಹುಟ್ಟಿದ್ರ ನೆರಳಿಗಿ ಇಡಬೇಕ್ರಿ,’ ಎಂದಳು. ‘ಬಿಸಿಲಿಗಿ ಒಯ್ಯಬಾರದು. ಹಂಗಂತ ಕತ್ತಲದಾಗೂ ಇಡಬಾರದು.’

ಸುರಪುರದವರು ಮುಂದಿಟ್ಟ ಹೋಳಿಗೆ ಮುಟ್ಟದೆ, ಬಿಸಿಲು ಇಳಿಯಲಿ ಎಂದೂ ಕಾಯದೆ ಹೊರಟರು. ಅಮೋಘಸಿದ್ದ ಅವರನ್ನು ರಸ್ತೆವರೆಗೆ ಬಿಟ್ಟು ಬಂದು ಕಟ್ಟೆಯ ಮೇಲೆ ಕೂತ, ಒಳಗೆ ಬರಲಿಲ್ಲ. ಅವನ ಹೆಂಡತಿ ಹಿತ್ತಲಲ್ಲಿ ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ತಿಕ್ಕಿದಳು. ಹಣಮಮ್ಮ ಸೀರೆ ಬದಲಿಸಿ, ಮಲ್ಲಿಗೆ ಕಿತ್ತು ಮೂಲೆಗಿಟ್ಟು, ಅತ್ತೆಯ ಎದುರು ಬಂದು ನಿಂತು, ಇನ್ನೊಂದು ತಾಸು ತಡೆಯಲು ಆಗುತ್ತಿರಲಿಲ್ಲವೇ ಎಂದು ಕೇಳಿದಳು. ತಡೆದಿದ್ದರೆ ಇದು ಸಾಯುತ್ತಿತ್ತು ಎಂದಳು ಶೇಖಮ್ಮ. ಹುಡುಗಿ ಮೊಲವನ್ನು ನೋಡಿದಳು. ಅದು ಆಗಲೇ ಎದ್ದು ಕೂತು ಮುಂಗಾಲಿನಿಂದ ಮುಖ ಒರೆಸಿಕೊಳ್ಳುತ್ತಿತ್ತು, ಏನೂ ಆಗದ ಹಾಗೆ. ಹಣಮಮ್ಮ ಒಳಗೆ ಹೋದಳು. ಬಸ್ಸಿಗೆ ಬಿಡಲೂ ಬರಲಿಲ್ಲ.

ಮುಂದಿನ ದಿನಗಳಲ್ಲಿ ಶೇಖಮ್ಮನನ್ನು ಕಾಡಿದ್ದು ಮರಿಲಿಂಗಮ್ಮನ ಪ್ರಶ್ನೆಯಲ್ಲ, ಮುಖ ಒರೆಸಿಕೊಳ್ಳುತ್ತಿದ್ದ ಆ ಮೊಲ. ಟೈಪ್ ಯಂತ್ರದ ಮುಂದೆ ಕೂತು, ಕಾಗದವನ್ನು ಮೂಗಿನ ಹತ್ತಿರ ಹಿಡಿದು ಓದುತ್ತ, ಬೆರಳುಗಳು ಗೇಟಿನ ನಂಬರು, ನೀರಿನ ಪ್ರಮಾಣ ಹೊಡೆಯುತ್ತಿರುವಾಗ ಮನಸ್ಸು ತಗಡಿನ ಕೋಣೆಗೆ ಹೋಗುತ್ತಿತ್ತು. ಅದು ನಿಜಕ್ಕೂ ಸಾಯುತ್ತಿತ್ತೇ? ಬಾಯಿ ತೆರೆದದ್ದು ನಿಜ. ಕಿವಿ ಸುಡುತ್ತಿದ್ದದ್ದು ನಿಜ. ಆದರೆ ಎರಡನೆಯ ಸಲ ಗಟ್ಟಿಯಾಗಿ ಕೂಗಿದ್ದರೆ ತಮ್ಮನ ಹೆಂಡತಿ ಬರುತ್ತಿರಲಿಲ್ಲವೇ? ಹಿತ್ತಲಿನಿಂದ ಸುತ್ತಿ ಹೋಗಿ ಪಕ್ಕದ ಮನೆಯಲ್ಲಿ ನೀರು ಕೇಳಬಹುದಿತ್ತಲ್ಲವೇ? ಇಷ್ಟು ವರ್ಷ ಗೋಡೆಯಾಚೆ ಕೂತವಳು ಎದ್ದು ಬರಲು ಒಂದು ನೆಪಕ್ಕಾಗಿ ಕಾಯುತ್ತಿದ್ದು, ಮೊಲವನ್ನು ಮುಂದೆ ಮಾಡಿದೆನೇ? ಅದಕ್ಕೆ ಹಣಮಮ್ಮ ಬೆಲೆ ತೆತ್ತಳೇ? ಈ ಪ್ರಶ್ನೆಗೆ ಉತ್ತರ ಹುಡುಕಿದಷ್ಟೂ ಅವಳಿಗೆ ಒಂದು ಸಂಗತಿ ಸ್ಪಷ್ಟವಾಯಿತು. ನೆಪವಾಗಿದ್ದರೂ, ಮತ್ತೆ ಅಂಥದೇ ಮಧ್ಯಾಹ್ನ ಬಂದರೂ, ಅವಳು ಅದೇ ಬಾಗಿಲಿನಿಂದಲೇ ಬರುತ್ತಾಳೆ. ಇದು ಗೊತ್ತಾದ ದಿನ ಅವಳಿಗೆ ಹಗುರವಾಗಲಿಲ್ಲ. ಆದರೆ ಹುಲ್ಲು ಕೊಯ್ಯಲು ಸಂಜೆಯವರೆಗೆ ಕಾಯದೆ, ಕೊಡೆ ಹಿಡಿದು, ಕಪ್ಪು ಕನ್ನಡಕ ಹಾಕಿ, ಹಗಲಲ್ಲೇ ಕಾಲುವೆ ದಂಡೆಗೆ ಹೋದಳು. ನೋಡುವವರು ನೋಡಿದರು. ಮನ್ಸೂರಅಲಿ ಮಾತ್ರ ಕಚೇರಿ ಕಿಟಕಿಯಿಂದ ನೋಡಿ, ಎದ್ದು ಬಂದು, ಕುಡುಗೋಲು ತೆಗೆದುಕೊಂಡು ಅವಳ ಜೊತೆ ಒಂದು ಹೊರೆ ಕೊಯ್ದ.

ಒಂದು ಭಾನುವಾರ ಮಧ್ಯಾಹ್ನ ಬಾಗಿಲು ಬಡಿದದ್ದು ಅಂಬ್ರಪ್ಪ, ಸುರಪುರದ ಆ ಹುಡುಗ. ಖಾಕಿ ಅಂಗಿಯಲ್ಲಿಯೇ ಇದ್ದ, ಡ್ಯೂಟಿ ಇಳಿದು ಶಹಾಪುರದಿಂದ ನೆಟ್ಟಗೆ ಬಂದಂತಿತ್ತು. ಅವ್ವನಿಗೆ ತಾನು ಇಲ್ಲಿಗೆ ಬಂದದ್ದು ಗೊತ್ತಿಲ್ಲ ಎಂದ. ಕುರ್ಚಿಯ ತುದಿಯಲ್ಲಿ ಕೂತು, ನೀರು ಕುಡಿದು ಲೋಟ ಕೆಳಗಿಟ್ಟ. ಅವ್ವ ಸಂಬಂಧ ಬೇಡವೆಂದು ಇನ್ನೂ ಹೇಳಿ ಕಳಿಸಿಲ್ಲ, ಬೇಕೆಂದೂ ಹೇಳಿಲ್ಲ. ದಿನಾ ಒಂದು ಮಾತಾಡುತ್ತಾಳೆ. ಅದಕ್ಕೇ ನೇರವಾಗಿ ಕೇಳಿಬಿಡಬೇಕೆಂದು ಬಂದೆ ಎಂದ.

ಅವನು ಏನು ಕೇಳುತ್ತಾನೆಂದು ಶೇಖಮ್ಮನಿಗೆ ಗೊತ್ತಿತ್ತು. ಅವನ ಪ್ರಶ್ನೆ ಬಾಯಿಂದ ಹೊರಡುವ ಮೊದಲೇ ಒಂದು ಉತ್ತರ ಅವಳ ನಾಲಿಗೆಯ ಮೇಲೆ ಬಂದು ಕೂತಿತು. ಇದು ಮುಂದೆ ಹರಿಯುವುದಲ್ಲ, ಯಾವುದೋ ಗ್ರಹಣದ ದೋಷ, ನನ್ನೊಬ್ಬಳಿಗೇ ಮುಗಿಯಿತು ಎನ್ನಬಹುದು. ಊರಲ್ಲಿ ಅರ್ಧ ಜನ ಹಾಗೆಯೇ ನಂಬಿದ್ದಾರೆ. ಆ ಒಂದು ಮಾತಿಗೆ ಹಣಮಮ್ಮನ ಮಲ್ಲಿಗೆ ಮತ್ತೆ ಮುಡಿಗೇರುತ್ತದೆ, ತಮ್ಮ ಕಟ್ಟೆಯಿಂದ ಏಳುತ್ತಾನೆ. ಸುಳ್ಳೆಂದು ಹೇಳುವವರು ಯಾರೂ ಇಲ್ಲ. ಆದರೆ ಎಂದೋ ಒಂದು ದಿನ ಒಂದು ಕೂಸು ಬಿಳಿ ರೆಪ್ಪೆ ತೆರೆದರೆ, ಆ ಮನೆಯವರು ಅದನ್ನು ಶೇಖಮ್ಮ ಹೇಳಿದ ಸುಳ್ಳಿನ ಹಾಗೆ ನೋಡುತ್ತಾರೆ. ಹುಟ್ಟಿದ ಮೊದಲ ದಿನವೇ ಆ ಕೂಸಿನ ಮೇಲೆ ಅಷ್ಟು ಭಾರ ಹೊರಿಸಲು ಅವಳಿಂದ ಆಗಲಿಲ್ಲ.

‘ನಿಮ್ಮಂಗ ಹುಟ್ಟತಾವೇನ್ರಿ?’ ಎಂದು ಅಂಬ್ರಪ್ಪ ಕೇಳಿದ.

‘ಹುಟ್ಟಬಹುದು, ಹುಟ್ಟದನೂ ಇರಬಹುದು,’ ಎಂದಳು ಶೇಖಮ್ಮ. ‘ನಮ್ಮವ್ವ ನಮ್ಮಪ್ಪ ಇಬ್ಬರೂ ಕರ್ರಗಿದ್ದರು. ನಾ ಹುಟ್ಟಿದೆ. ನಿಮಗ ಸುಳ್ಳು ಹೇಳಾಂಗಿಲ್ಲ.’

ಅವನು ಎದ್ದು ಹೋಗುತ್ತಾನೆಂದು ಕಾದಳು. ಅವನು ಕೂತೇ ಇದ್ದ. ಕಣ್ಣು ಎಷ್ಟು ಕಾಣುತ್ತದೆ, ಶಾಲೆಯಲ್ಲಿ ಬೋರ್ಡು ಕಾಣುತ್ತಿತ್ತೇ, ಬಿಸಿಲಿಗೆ ಹೋದರೆ ಏನಾಗುತ್ತದೆ, ಮೈಗೆ ಏನು ಹಚ್ಚಬೇಕು ಎಂದು ಒಂದೊಂದಾಗಿ ಕೇಳಿದ. ಅಷ್ಟು ಸರಳವಾಗಿ ಅವಳನ್ನು ಯಾರೂ ಎಂದೂ ಕೇಳಿರಲಿಲ್ಲ. ಬೋರ್ಡು ಕಾಣುತ್ತಿರಲಿಲ್ಲ, ಮಾಸ್ತರರು ಮುಂದೆ ಕೂರಿಸುತ್ತಿರಲಿಲ್ಲ, ಕೇಳಿಸಿಕೊಂಡೇ ಕಲಿತೆ ಎಂದಳು. ಹೇಳುತ್ತ ಹೇಳುತ್ತ ಅವಳಿಗೆ ತನ್ನ ಬದುಕೇ ಬೇರೆ ಯಾರಿಗೋ ಉಪಯೋಗಕ್ಕೆ ಬರುವ ಸಾಮಾನಿನಂತೆ ಕಂಡಿತು, ಅದರಲ್ಲಿ ಒಂದು ಬಗೆಯ ಸಮಾಧಾನವಿತ್ತು. ಆ ಸಂಬಂಧ ಕೂಡಿ ಬಂದದ್ದು ಮಳೆಗಾಲ ಮುಗಿದ ಮೇಲೆ, ಬಹಳ ಜಗ್ಗಾಟವಾಗಿ. ಮದುವೆಯ ದಿನ ಮರಿಲಿಂಗಮ್ಮ ಅವಳೊಡನೆ ಒಂದು ಮಾತೂ ಆಡಲಿಲ್ಲ, ಚಪ್ಪರದ ಮುಂದಿನ ಸಾಲಿನಿಂದ ಏಳು ಎಂದೂ ಅನ್ನಲಿಲ್ಲ. ಹಣಮಮ್ಮ ಸೋದರತ್ತೆಯ ಜೊತೆ ಮತ್ತೆ ನಕ್ಕು ಮಾತಾಡಲು ಇನ್ನೂ ಒಂದು ವರ್ಷ ಹಿಡಿಯಿತು. ಆದರೆ ಆ ಭಾನುವಾರ ಶೇಖಮ್ಮನಿಗೆ ಇದೊಂದೂ ತಿಳಿದಿರಲಿಲ್ಲ. ಹುಡುಗ ಮನಸ್ಸಿನಲ್ಲಿ ಏನು ತೀರ್ಮಾನಿಸಿದ ಎಂದು ಅವಳು ಕೇಳಲೂ ಇಲ್ಲ.

ಹೊರಡುವ ಮುನ್ನ ಅವನು ಮೊಲ ಎಲ್ಲಿದೆ ಎಂದ. ಉತ್ತರದ ಕೋಣೆಗೆ ಕರೆದೊಯ್ದಳು. ಅವನು ಊರಲ್ಲಿ ಬೇಟೆಯ ಮೊಲ ಎತ್ತಿದ ರೂಢಿಯಿಂದ ಕಿವಿಗೆ ಕೈ ಹಾಕಲು ಹೋದ. ಶೇಖಮ್ಮ ಅವನ ಮಣಿಕಟ್ಟು ಹಿಡಿದು ತಡೆದಳು. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಗಾಲುಗಳ ಕೆಳಗೆ, ಕಾಲಿಗೆ ಆಸರೆ ಇಲ್ಲದಿದ್ದರೆ ಅದು ಗಾಬರಿಯಿಂದ ಒದ್ದು ತನ್ನ ಬೆನ್ನು ತಾನೇ ಮುರಿದುಕೊಳ್ಳುತ್ತದೆ ಎಂದು ತೋರಿಸಿಕೊಟ್ಟಳು. ಅಂಬ್ರಪ್ಪ ಹಾಗೆಯೇ ಎತ್ತಿಕೊಂಡ, ಚಿಲ್ಲರೆ ಕೊಡುವಾಗ ನಡುಗುವ ಕೈಯಲ್ಲಿ. ಮೊಲ ಅವನ ಖಾಕಿ ಅಂಗಿಗೆ ಮೈ ಒತ್ತಿ, ತಲೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ನಿಧಾನವಾಗಿ ತೂಗತೊಡಗಿತು.

‘ಏನ್ ಹುಡುಕಾಕತ್ತದ್ರಿ ಇದು?’ ಎಂದು ಅವನು ಮೆಲ್ಲಗೆ ಕೇಳಿದ.

‘ನಿಮ್ಮನ್ನ,’ ಎಂದಳು ಶೇಖಮ್ಮ. ‘ಇದರ ಕಣ್ಣಿಗಿ ಒಮ್ಮೆಗೇ ಕಾಣಂಗಿಲ್ಲ. ಅತ್ತಿತ್ತ ತೂಗಿ ತೂಗಿ, ನೀವು ಎಷ್ಟು ದೂರ ಅದೀರಿ ಅಂತ ನೋಡಾಕತ್ತದ. ಸ್ವಲ್ಪ ಅಲುಗಾಡದಂಗ ನಿಂದರ್ರಿ.’

ಅವನು ಉಸಿರು ಹಿಡಿದು ನಿಂತ.